ಒಂದೇ ಅಂಗಣ, ಎರಡು ಆಟ

ನಮ್ಮ ಕಟಪಾಡಿಯ ಕಡೆ ಕೊಯ್ಲು ಮುಗಿದ ಗದ್ದೆ ಸುಮ್ಮನೆ ಬಿದ್ದಿರುವುದಿಲ್ಲ. ಮಳೆಗಾಲದಲ್ಲಿ ಬತ್ತ ಬೆಳೆದ ನೆಲದಲ್ಲಿಯೇ ಬೇಸಗೆಯ ಸಂಜೆ ಹುಡುಗರು ಚೆಂಡಾಡುತ್ತಾರೆ. ರಾತ್ರಿ ಅಲ್ಲಿಯೇ ಯಕ್ಷಗಾನದ ರಂಗಸ್ಥಳ ಏಳುತ್ತದೆ. ಯಾರ ಸರದಿ ಎಂದು ಎಂಬುದನ್ನು ಇಲ್ಲಿ ಋತುವೇ ನಿರ್ಧರಿಸುತ್ತದೆ. ನಗರದಲ್ಲಿ ಹಾಗಲ್ಲ. ಅಲ್ಲಿ ನೆಲ ಕಡಿಮೆ, ಬೇಡಿಕೆ ಹೆಚ್ಚು. ಒಂದೇ ಅಂಗಣವನ್ನು ಒಂದೇ ವೇಳೆಗೆ ಇಬ್ಬರು ಬಯಸುತ್ತಾರೆ. ಆಗ ಸರದಿಯನ್ನು ಮನುಷ್ಯರೇ ಗೊತ್ತುಪಡಿಸಬೇಕಾಗುತ್ತದೆ.

ವೇಲ್ಸ್ ದೇಶದ ಸ್ವಾನ್ಸಿ ನಗರದಲ್ಲಿ 2005ರಲ್ಲಿ ತೆರೆದ ಕ್ರೀಡಾಂಗಣವನ್ನು ಒಂದು ಫುಟ್ಬಾಲ್ ತಂಡವೂ ಒಂದು ರಗ್ಬಿ ತಂಡವೂ ಅನೇಕ ವರ್ಷ ಹಂಚಿಕೊಂಡವು. ಎರಡು ಆಟಗಳಿಗೂ ಬೇಕಾದುದು ಆಯತಾಕಾರದ ಹುಲ್ಲುನೆಲವೇ. ಗೆರೆಗಳನ್ನೂ ಗೋಲುಕಂಬಗಳನ್ನೂ ಬದಲಾಯಿಸಿದರೆ ಬಹುಮಟ್ಟಿಗೆ ಕೆಲಸ ಸಾಗುತ್ತದೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಸಮಸ್ಯೆ ಇದಕ್ಕಿಂತ ಜಟಿಲವಾದುದು.

ಹಿಂದಿನ ಸಂಪಂಗಿ ಕೆರೆಯ ಅಂಗಳದಲ್ಲಿ ನಿಂತಿರುವ ಈ ಕ್ರೀಡಾಂಗಣಕ್ಕೆ ಮೈಸೂರಿನ ಅರಸ ರಣಧೀರ ಕಂಠೀರವನ ಹೆಸರನ್ನು ಇಡಲಾಗಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಇದು ವೇದಿಕೆಯಾಯಿತು. ನಡುವೆ ಹುಲ್ಲಿನ ಅಂಗಣ, ಅದರ ಸುತ್ತ 400 ಮೀಟರಿನ ಓಟದ ಪಥ. 2014ರಲ್ಲಿ ಬೆಂಗಳೂರು ಫುಟ್ಬಾಲ್ ಕ್ಲಬ್ ಇದನ್ನು ತನ್ನ ತವರು ಅಂಗಣವಾಗಿಸಿಕೊಂಡಿತು. 2016ರ ಅಕ್ಟೋಬರಿನಲ್ಲಿ ಅದು ಮಲೇಷ್ಯದ ಜೋಹೋರ್ ತಂಡವನ್ನು ಇಲ್ಲಿ 3–1ರಿಂದ ಮಣಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ತಂಡವೆನಿಸಿತು. ಅದೇ ಹುಲ್ಲಿನ ಮೇಲೆ 2025ರ ಜುಲೈ 5ರಂದು ನೀರಜ್ ಚೋಪ್ರಾ ಎಸೆದ ಭರ್ಜಿ 86.18 ಮೀಟರ್ ದೂರದಲ್ಲಿ ನಾಟಿತು.

ಎರಡೂ ನಮ್ಮ ಹೆಮ್ಮೆಯೇ. ಆದರೆ ಭರ್ಜಿಯ ಮೊನೆ ನೆಲವನ್ನು ಚುಚ್ಚುತ್ತದೆ, 7.26 ಕಿಲೋಗ್ರಾಮಿನ ಹ್ಯಾಮರ್ ಗುಂಡಿ ಬೀಳಿಸುತ್ತದೆ. ಚೆಂಡು ಉರುಳಲು ಸಮತಟ್ಟಾದ ಹುಲ್ಲು ಬೇಕು. ಅತ್ತ ಪಂದ್ಯದ ದಿನ ಅಂಗಣವೆಲ್ಲ ಫುಟ್ಬಾಲಿಗೆ ಮೀಸಲಾದರೆ ಓಟಗಾರರ ಅಭ್ಯಾಸಕ್ಕೆ ಎಡೆಯಿಲ್ಲ. ತಮಗೆ ಅಂಗಣ ದೊರೆಯುತ್ತಿಲ್ಲವೆಂದು ಅಥ್ಲೀಟುಗಳೂ ತರಬೇತುದಾರರೂ ಬಹಿರಂಗವಾಗಿಯೇ ದೂರಿದ್ದುಂಟು. ಫುಟ್ಬಾಲನ್ನು ನೋಡಲು ಸಾವಿರಾರು ಜನ ಟಿಕೆಟು ಕೊಂಡು ಬರುತ್ತಾರೆ. ನಸುಕಿನಲ್ಲಿ ಒಬ್ಬಳೇ ಓಡುವ ಹುಡುಗಿಗೆ ಪ್ರೇಕ್ಷಕರಿಲ್ಲ. ಆದರೂ ಅಂಗಣ ಆಕೆಯದೂ ಅಹುದು.

ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಇದ್ದುದು ಒಂದೇ ಬಯಲು. ವಾಲಿಬಾಲಿನವರಿಗೂ ಖೊಖೊದವರಿಗೂ ಜಗಳ ಬಂದಾಗ ನಾನು ವಾರದ ದಿನಗಳನ್ನು ಸರಿಸಮನಾಗಿ ಹಂಚಿ ಬೀಗುತ್ತಿದ್ದೆ. ಒಂದು ಸಂಜೆ ಐದನೆಯ ತರಗತಿಯ ಬಾಲಕನೊಬ್ಬ ಬಂದು, “ಸಾರ್, ನಮ್ಮ ದಿನ ಯಾವುದು?” ಎಂದು ಕೇಳಿದ. ಜಗಳವಾಡಲು ಬಾರದವರನ್ನು ನಾನು ಮರೆತೇಬಿಟ್ಟಿದ್ದೆ. ಮರುದಿನವೇ ಪಟ್ಟಿಯನ್ನು ತಿದ್ದಿ ಬರೆದೆ.

ಹಂಚಿಕೊಳ್ಳುವುದೆಂದರೆ ಗಟ್ಟಿಯಾಗಿ ಕೇಳಿದವರಿಗೆ ಮಾತ್ರ ಕೊಡುವುದಲ್ಲ. ಕೇಳದವರ ಪಾಲನ್ನೂ ಮೊದಲೇ ತೆಗೆದಿರಿಸುವುದು. ದೊಡ್ಡ ನಗರದ ಕ್ರೀಡಾಂಗಣಕ್ಕೂ ಚಿಕ್ಕ ಊರಿನ ಶಾಲೆಯ ಬಯಲಿಗೂ ಈ ಮಾತು ಒಂದೇ.

ಅಭ್ಯಾಸ
1. ಗದ್ದೆಯ ಸರದಿಗೂ ನಗರದ ಅಂಗಣದ ಸರದಿಗೂ ಇರುವ ವ್ಯತ್ಯಾಸವೇನು?
2. ಭರ್ಜಿ ಎಸೆತಕ್ಕೂ ಫುಟ್ಬಾಲಿಗೂ ಒಂದೇ ಹುಲ್ಲುನೆಲ ಹೊಂದುವುದು ಏಕೆ ಕಷ್ಟ?
3. ನಿಮ್ಮ ಶಾಲೆಯ ಬಯಲನ್ನು ಎಲ್ಲ ತರಗತಿಗಳಿಗೂ ಹಂಚುವ ಪಟ್ಟಿಯೊಂದನ್ನು ಸಿದ್ಧಪಡಿಸಿರಿ.