ಗೆಲ್ಲುವ ಮೊದಲೇ ಫ್ಲೆಕ್ಸ್ ಬೇಡ

ಶಾಲಾ ಕ್ರೀಡಾಕೂಟದ ವೇಳಾಪಟ್ಟಿಗೂ ಮಲೆನಾಡಿಗೂ ಆಗಿಬರುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರು, ಆಗಸ್ಟ್ ಹೊತ್ತಿಗೆ ವಲಯ ಮಟ್ಟ, ಅದರ ಬೆನ್ನಿಗೇ ತಾಲ್ಲೂಕು, ಆಮೇಲೆ ಜಿಲ್ಲೆ. ಬಯಲುಸೀಮೆಯ ಮಕ್ಕಳು ಧೂಳೆಬ್ಬಿಸಿಕೊಂಡು ಅಭ್ಯಾಸ ಮಾಡುವ ಆ ತಿಂಗಳುಗಳಲ್ಲಿ ಭದ್ರಾವತಿಯ ಮೈದಾನಗಳು ನಾಟಿಗೆ ಕಾದ ಗದ್ದೆಯ ಹಾಗಿರುತ್ತವೆ. ಜಿಲ್ಲೆ ಗೆದ್ದವರು ಹೋಗಬೇಕಾದದ್ದು ಬೆಂಗಳೂರು ವಿಭಾಗಕ್ಕೆ. ಅಲ್ಲಿ ಎದುರಾಗುವವರು ಬೆಂಗಳೂರು, ತುಮಕೂರು, ದಾವಣಗೆರೆ, ಕೋಲಾರದ ತಂಡಗಳು. ವರ್ಷವಿಡೀ ಒಣನೆಲದಲ್ಲಿ ಓಡಿದ ಕಾಲುಗಳ ಎದುರು ನಮ್ಮ ಹುಡುಗಿಯರ ಕಾಲು.

ನಾನು ನ್ಯೂ ಟೌನ್‌ನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್ಸು. ನೋಡಿಕೊಳ್ಳುವುದು ಮುಖ್ಯವಾಗಿ ಹುಡುಗಿಯರ ಖೋಖೋ. ಇಷ್ಟು ವರ್ಷದಲ್ಲಿ ನನಗೆ ಗೊತ್ತಾದದ್ದು ಆಟದ ಬಗ್ಗೆ ಸ್ವಲ್ಪ, ಊರಿನ ಬಗ್ಗೆ ಜಾಸ್ತಿ. ಮಕ್ಕಳ ಮೇಲಿನ ಒತ್ತಡ ಎದುರಾಳಿ ತಂಡದಿಂದ ಬರುವುದು ಕಡಿಮೆ. ಬಹುಪಾಲು ಬರುವುದು ನಮ್ಮವರಿಂದಲೇ, ಪ್ರೀತಿಯಿಂದಲೇ.

ಮೊದಲು ಪ್ರೀತಿಯ ಮಾತನ್ನೇ ಹೇಳುತ್ತೇನೆ. ಮಳೆ ಬಿಟ್ಟ ಗಂಟೆಯೊಳಗೆ ಅಂಕಣ ಸಿದ್ಧವಾಗಬೇಕು. ಸಾಮಿಲ್‌ನಿಂದ ಮೂಟೆಗಟ್ಟಲೆ ಮರದ ಹೊಟ್ಟು ಬರುತ್ತದೆ, ದುಡ್ಡು ಕೇಳುವುದಿಲ್ಲ. ಹೊಟ್ಟನ್ನು ಮೊದಲು ಸುರಿಯಬೇಕಾದದ್ದು ಎರಡು ಕಂಬಗಳ ಸುತ್ತ. ಅಟ್ಟಿಸುವವಳು ಒಮ್ಮೆ ಒಂದು ದಿಕ್ಕು ಹಿಡಿದರೆ ನಡುವೆ ಹಿಂದಿರುಗುವ ಹಾಗಿಲ್ಲ, ಕಂಬ ದಾಟಿಯೇ ತಿರುಗಬೇಕು. ಹಾಗಾಗಿ ಎಲ್ಲರೂ ಇದ್ದಬದ್ದ ವೇಗದಲ್ಲಿ ಬಂದು ಅಲ್ಲೇ ತಿರುಗುತ್ತಾರೆ, ಅಲ್ಲೇ ಜಾರುತ್ತಾರೆ. ಗೆರೆಗೆ ಸುಣ್ಣ ಹಾಕುತ್ತಿದ್ದೆವು. ಒದ್ದೆ ನೆಲದಲ್ಲಿ ಸುಣ್ಣ ತರಚಿದ ಮೊಣಕಾಲಿಗೆ ತಾಗಿದರೆ ಉರಿ ತಡೆಯಲಾಗುವುದಿಲ್ಲ. ಕ್ವಾರ್ಟರ್ಸ್ ಕಡೆಯ ಅಜ್ಜಿಯೊಬ್ಬರು ಒಂದು ದಿನ ನೋಡಿ, "ಸುಣ್ಣ ಯಾಕ್ರವ್ವಾ, ರಂಗೋಲಿ ಪುಡಿ ಇಲ್ವಾ?" ಅಂದರು. ಅವತ್ತಿನಿಂದ ನಮ್ಮ ಅಂಕಣಕ್ಕೆ ರಂಗೋಲಿ ಪುಡಿಯ ಗೆರೆ. ಮೊಣಕಾಲಿಗೆ ಕವಚ ಕೊಳ್ಳಲಾಗದವರು ಹಳೆಯ ಕಾಲುಚೀಲದ ತುದಿ ಕತ್ತರಿಸಿ ಮೇಲಕ್ಕೆಳೆದುಕೊಳ್ಳುತ್ತಾರೆ. ನಿವೃತ್ತರಾದ ಫೌಂಡ್ರಿಯವರೊಬ್ಬರು ಕಂಬ ಅಲುಗಾಡದಂತೆ ಗುಂಡಿ ತೋಡಿ ಗಟ್ಟಿಮಾಡಿ ಕೊಡುತ್ತಾರೆ; ಕೆಲಸ ಮುಗಿದ ಮೇಲೆ ಕಂಬವನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ ನೋಡಿ ಮನೆಗೆ ಹೋಗುತ್ತಾರೆ, ಪಂದ್ಯ ನೋಡಲು ನಿಲ್ಲುವುದೂ ಇಲ್ಲ. ಕಾರ್ಖಾನೆಗೆಂದು ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ಊರು ಇದು. ಮೈದಾನದ ಸುತ್ತ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲದರಲ್ಲೂ "ಓಡು ಓಡು" ಕೇಳಿಸುತ್ತದೆ.

ಹಾಗಾದರೆ ಭಾರ ಎಲ್ಲಿಂದ ಬಂತು?

ನನ್ನ ಅಪ್ಪ ಕಾರ್ಖಾನೆಯಲ್ಲಿದ್ದರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ, ಇಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಅದೇ ಕಾರ್ಖಾನೆ. ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ವಿಐಎಸ್‌ಎಲ್ ಆಯಿತು, 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ನಾನು ಖೋಖೋ ಆಡುತ್ತಿದ್ದಾಗ ಅಪ್ಪ ಒಮ್ಮೆಯೂ "ಇದರಿಂದ ಏನು ಸಿಗುತ್ತೆ" ಎಂದು ಕೇಳಲಿಲ್ಲ. ಅವರ ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಈಗ ಹೊಳೆಯುವುದೇನೆಂದರೆ, ಅವರ ಬಳಿ ತಿಂಗಳ ಸಂಬಳದ ಚೀಟಿ ಇತ್ತು. ಕ್ವಾರ್ಟರ್ಸ್ ಇತ್ತು, ಆಸ್ಪತ್ರೆ ಇತ್ತು. ಮಗಳ ಆಟ ಬರೀ ಆಟವಾಗಿರಲು ಅಷ್ಟು ಭದ್ರತೆ ಬೇಕಿತ್ತು.

ಆ ಭದ್ರತೆ ಕರಗಿತು. 2015ರ ಹೊತ್ತಿಗೆ ಎಂಪಿಎಂ ಕಾಗದ ಕಾರ್ಖಾನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ಆಗಸ್ಟ್‌ನಲ್ಲಿ ಉತ್ಪಾದನೆ ಒಂದಷ್ಟು ಮತ್ತೆ ಶುರುವಾಯಿತು ನಿಜ, ಆದರೆ ಮನೆಗಳೊಳಗೆ ಹೊಕ್ಕ ದಿಗಿಲು ಹೊರಗೆ ಹೋಗಲಿಲ್ಲ. ಆ ಮಳೆಗಾಲದಲ್ಲಿ ಅಪ್ಪಂದಿರು ಮೈದಾನಕ್ಕೆ ಬಂದು ಕೇಳತೊಡಗಿದ ಪ್ರಶ್ನೆಗಳು ಬೇರೆಯೇ ಆಗಿದ್ದವು. "ಮೇಡಂ, ಸ್ಟೇಟ್ ಆಡಿದ್ರೆ ಸಿಇಟಿಲಿ ಸೀಟ್ ಪಕ್ಕಾನಾ?" "ರೈಲ್ವೇಲಿ ಖೋಖೋದವರನ್ನ ತಗೊತಾರಂತಲ್ಲ?" "ಪೊಲೀಸ್‌ಗೆ ಸರ್ಟಿಫಿಕೇಟು ಯಾವ ಲೆವೆಲ್‌ದು ಬೇಕು?" ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಕ್ರೀಡಾ ಕೋಟಾ ಇದೆ, ಅದರಿಂದ ಬದುಕು ಕಟ್ಟಿಕೊಂಡವರೂ ಇದ್ದಾರೆ. ಆದರೆ ತಾಲ್ಲೂಕಿನಿಂದ ಮೇಲೆ ಹೋಗುವುದು ಒಂದೇ ತಂಡ, ಜಿಲ್ಲೆಯಿಂದ ಒಂದೇ ತಂಡ. ಆ ತಂಡದಲ್ಲೂ ಹನ್ನೆರಡು ಜನರಲ್ಲಿ ಅಂಕಣಕ್ಕಿಳಿಯುವವರು ಒಂಬತ್ತು. ಒಂದು ಕಾರ್ಖಾನೆ ಹೊರುತ್ತಿದ್ದ ಭಾರವನ್ನು ಹದಿನೈದು ವರ್ಷದ ಹುಡುಗಿಯ ಕಾಲು ಹೊರಬೇಕೆಂದರೆ ಹೇಗೆ?

ಹೀಗಿರುವಾಗ ನಮ್ಮ ತಂಡ ತಾಲ್ಲೂಕು ಗೆದ್ದಿತು. ಗೆದ್ದ ಮಾರನೆಯ ದಿನ ಬೀದಿಯ ತಿರುವಿನಲ್ಲಿ ಫ್ಲೆಕ್ಸ್ ನಿಂತಿತ್ತು. ನಮ್ಮಲ್ಲಿ ಕಂಬದ ಬಳಿ ಮೈಚೆಲ್ಲಿ ಔಟ್ ಮಾಡುವುದರಲ್ಲಿ ಎತ್ತಿದ ಕೈ ಆಗಿದ್ದ ಹುಡುಗಿಯೊಬ್ಬಳಿದ್ದಳು. ಅವಳ ಫೋಟೊ ಆಳೆತ್ತರ, ಕೆಳಗೆ ಸಾಲಾಗಿ ಶುಭ ಕೋರುವವರ ಮುಖಗಳು. ತಂಡದ ಉಳಿದ ಹನ್ನೊಂದು ಮಂದಿ ಮೂಲೆಯಲ್ಲಿ ಅಂಚೆಚೀಟಿ ಗಾತ್ರ. "ರಾಜ್ಯ ಮಟ್ಟಕ್ಕೆ ನಮ್ಮೂರ ಹೆಮ್ಮೆ" ಎಂದು ಬರೆಸಿದ್ದರು; ಜಿಲ್ಲಾ ಪಂದ್ಯವೇ ಇನ್ನೂ ಆಗಿರಲಿಲ್ಲ. ಬೀದಿಯವರು ಚಂದಾ ಎತ್ತಿ ಅವಳಿಗೆ ಒಳ್ಳೆಯ ಶೂ ಕೊಡಿಸಿದರು. ಚಂದಾ ಕೊಟ್ಟವರಲ್ಲಿ ಸಂಬಳ ನಿಂತುಹೋದವರೂ ಇದ್ದರು, ಅದನ್ನು ನಾನು ಮರೆತಿಲ್ಲ.

ಜಿಲ್ಲಾ ಮಟ್ಟಕ್ಕೆ ವಾರವಿರುವಾಗ ಅಭ್ಯಾಸದಲ್ಲಿ ಅವಳ ಎಡಗಾಲಿನ ಶೂ ಬಿಗಿಯಾಗಿರುವುದು ಕಂಡಿತು. ಲೇಸು ಪೂರ್ತಿ ಸಡಿಲಿಸಿದ್ದಳು, ಆದರೂ ನಾಲಗೆ ಉಬ್ಬಿಕೊಂಡಿತ್ತು. ಬಿಚ್ಚಿಸಿದೆ. ಒಂದರ ಮೇಲೊಂದು ಎರಡು ಕಾಲುಚೀಲ, ಒಳಗೆ ಬಟ್ಟೆಪಟ್ಟಿ, ಅದರೊಳಗೆ ನೀಲಿಗಟ್ಟಿದ ಹರಡು. ಉಳುಕಿ ಎಷ್ಟು ದಿನವಾಗಿತ್ತೋ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳು ಅಳಲೂ ಇಲ್ಲ. "ಮಿಸ್, ಶೂಗೆ ಎಲ್ರೂ ದುಡ್ಡು ಹಾಕಿದಾರೆ" ಅಂದಳು. ಅಷ್ಟೇ.

ಅವಳನ್ನು ಆಡಿಸಲಿಲ್ಲ. ಶಿವಮೊಗ್ಗದ ನೆಹರು ಕ್ರೀಡಾಂಗಣದಲ್ಲಿ ಜಿಲ್ಲಾ ಸೆಮಿಫೈನಲ್‌ನಲ್ಲಿ ಸೋತೆವು. ಊರಿಗೆ ಬಸ್ಸಿನಲ್ಲಿ ಬಂದಿಳಿದಾಗ ಫ್ಲೆಕ್ಸ್ ಅಲ್ಲೇ ಇತ್ತು. ಯಾರಿಗೂ ಅದನ್ನು ಇಳಿಸಬೇಕೆಂದು ತೋಚಿರಲಿಲ್ಲ. ಹಾಕುವಾಗ ಇದ್ದ ಉತ್ಸಾಹ ತೆಗೆಯುವಾಗ ಇರುವುದಿಲ್ಲ. ಶಾಲೆಗೆ ಹೋಗಲು ಅವಳು ಆ ತಿರುವು ಬಿಟ್ಟು ಹಿಂದಿನ ರಸ್ತೆಯಲ್ಲಿ ಸುತ್ತಿ ಬರತೊಡಗಿದಳು. ಕೊನೆಗೆ ಅದನ್ನು ಇಳಿಸಿದವರು ನಾನೂ ಆ ಫೌಂಡ್ರಿಯವರೂ. ಅವರು ಅದನ್ನು ಮಡಚಿ, ಮಳೆಗೆ ಸೌದೆ ಮುಚ್ಚಲು ಆಗುತ್ತದೆಂದು ಸೈಕಲ್ಲಿಗೆ ಕಟ್ಟಿಕೊಂಡು ಹೋದರು.

ಶೂ ಕೊಡಿಸಿದವರಲ್ಲಿ ಒಬ್ಬರೂ ಅವಳನ್ನು ಬೈಯಲಿಲ್ಲ. ಲೆಕ್ಕ ಕೇಳಲಿಲ್ಲ. ಆದರೂ ಅವಳ ತಲೆಯಲ್ಲಿ ಲೆಕ್ಕ ನಡೆದೇ ಇತ್ತು. ಅಂಕಣದ ಹೊಟ್ಟು, ರಂಗೋಲಿ ಪುಡಿ ಯಾವ ಹುಡುಗಿಯ ಮೇಲೂ ಸಾಲವಾಗಿ ಕೂರಲಿಲ್ಲ; ಶೂ ಕೂತಿತು. ಎರಡೂ ಊರಿನ ಕೊಡುಗೆಯೇ. ಒಂದು ತಂಡಕ್ಕೆ ಬಂದದ್ದು, ಇನ್ನೊಂದು ಒಬ್ಬಳ ಹೆಸರಿಗೆ, ಅದೂ ಗೆದ್ದದ್ದಕ್ಕೆ ಬಂದದ್ದು. ಇಷ್ಟು ಸಣ್ಣ ವ್ಯತ್ಯಾಸ ಮಗುವಿನ ಹರಡಿನವರೆಗೂ ಇಳಿಯುತ್ತದೆ ಎಂಬುದು ನನಗೆ ಯಾವ ತರಬೇತಿ ಶಿಬಿರದಲ್ಲೂ ಸಿಕ್ಕ ಪಾಠವಲ್ಲ.

ಕಿರುಚುವ ಪೋಷಕರ ವಿಷಯ ಎಲ್ಲರಿಗೂ ಗೊತ್ತಿರುವುದೇ, ಹೆಚ್ಚು ಹೇಳುವುದಿಲ್ಲ. ಹುಡುಗರ ಕಬಡ್ಡಿಯಲ್ಲಿ ಅದು ಇನ್ನೂ ಜೋರು. ತೂಕದ ಮಿತಿ ದಾಟಬಾರದೆಂದು ಹಿಂದಿನ ರಾತ್ರಿ ಊಟ ಬಿಡಿಸಿ, ಬೆಳಿಗ್ಗೆ ಸ್ವೆಟರ್ ಹಾಕಿಸಿ ಓಡಿಸುವ ಅಪ್ಪಂದಿರನ್ನು ನೋಡಿದ್ದೇನೆ. ಈ ಊರಿಗೆ ಕಬಡ್ಡಿ ಎಂದರೆ ಹುಚ್ಚು. 2021ರಲ್ಲಿ ಇಲ್ಲಿನ ಕಬಡ್ಡಿ ಪಂದ್ಯಾವಳಿಯೊಂದರ ಕೊನೆಗೆ ಎರಡು ಪಕ್ಷದವರ ನಡುವೆ ಎದ್ದ ಗಲಾಟೆ ವಿಧಾನಸಭೆಯವರೆಗೂ ಹೋಗಿ, ನಮ್ಮ ಶಾಸಕರು ಸದನದಲ್ಲೇ ಅಂಗಿ ಬಿಚ್ಚಿ ಪ್ರತಿಭಟಿಸಿದ್ದು ರಾಜ್ಯವೆಲ್ಲ ನೋಡಿದ ಸಂಗತಿ. ಆ ಪಂದ್ಯ ಯಾರು ಗೆದ್ದರು ಎಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಒಬ್ಬರಿಗೂ ನೆನಪಿಲ್ಲ.

ಬಹುಮಾನ ವಿತರಣೆಯ ಭಾಷಣಗಳಲ್ಲಿ ಜಿ.ಆರ್. ವಿಶ್ವನಾಥ್ ಹೆಸರು ತಪ್ಪದೆ ಬರುತ್ತದೆ. ಅವರು ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟಿನಲ್ಲೇ 137 ಹೊಡೆದದ್ದನ್ನು ಮುಖ್ಯ ಅತಿಥಿಗಳು ಎದೆಯುಬ್ಬಿಸಿ ಹೇಳುತ್ತಾರೆ. ಅದೇ ಟೆಸ್ಟಿನ ಮೊದಲ ಇನಿಂಗ್ಸ್‌ನಲ್ಲಿ ಅವರು ಸೊನ್ನೆಗೆ ಔಟಾಗಿದ್ದನ್ನು ಇಲ್ಲಿಯವರೆಗೆ ಯಾವ ಅತಿಥಿಯೂ ಹೇಳಿದ್ದು ನಾನು ಕೇಳಿಲ್ಲ. ಹುಡುಗಿಯರಿಗೆ ನಾನು ಹೇಳುವುದು ಆ ಸೊನ್ನೆಯನ್ನು. ಎರಡನೇ ಇನಿಂಗ್ಸ್‌ಗೆ ಅವರನ್ನು ಕಳಿಸಿದ್ದರಲ್ಲ, ಆ ಭಾಗ ನನಗೆ ಮುಖ್ಯ.

ಖೋಖೋ ಆಡುವವರಿಗೆ 2025ರ ಜನವರಿ ಹಬ್ಬವಾಗಿತ್ತು. ದೆಹಲಿಯಲ್ಲಿ ಮೊದಲ ವಿಶ್ವಕಪ್, ಭಾರತದ ಹುಡುಗಿಯರೂ ಹುಡುಗರೂ ಗೆದ್ದರು. ಹುಡುಗಿಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ನಮ್ಮ ಹುಡುಗಿಯರು ಮೊಬೈಲಿನಲ್ಲಿ ಆ ಫೈನಲ್ ನೋಡಿದ್ದೇ ನೋಡಿದ್ದು. ಆದರೆ ಕೆಲವೇ ದಿನಗಳಲ್ಲಿ ಇನ್ನೊಂದು ಸುದ್ದಿ ಬಂತು. ರಾಜ್ಯ ಸರ್ಕಾರ ಘೋಷಿಸಿದ ಐದು ಲಕ್ಷವನ್ನು ಚೈತ್ರಾ ಮತ್ತು ಹುಡುಗರ ತಂಡದ ಗೌತಮ್ ಬೇಡವೆಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಯ ಲೆಕ್ಕದಲ್ಲಿ ಹಣ, ಜೊತೆಗೆ ಸರ್ಕಾರಿ ಕೆಲಸ ಘೋಷಿಸಿತ್ತು. ಮರುದಿನ ಒಂಬತ್ತನೇ ತರಗತಿಯವಳೊಬ್ಬಳು ಕಂಬಕ್ಕೆ ಒರಗಿಕೊಂಡು, "ವರ್ಲ್ಡ್ ಕಪ್ ಗೆದ್ದೋರ್ದೇ ಈ ಕಥೆ, ನಮ್ದೇನು ಮಿಸ್?" ಎಂದಳು. ಉತ್ತರ ಕೊಡುವ ಬದಲು ವಾರ್ಮ್‌ಅಪ್ ಶುರುಮಾಡಿಸಿದೆ. ನಮ್ಮ ಇಲಾಖೆಯ ಸಭೆಗಳಲ್ಲಿ ಈ ಪ್ರಶ್ನೆಗೂ ಹೀಗೇ ವಾರ್ಮ್‌ಅಪ್ ಮಾಡಿಸಿ ಕಳಿಸುತ್ತಾರೆ.

ಸರ್ಕಾರ ಕೊಡುವುದು ನಮ್ಮ ಕೈಯಲ್ಲಿಲ್ಲ. ಊರು ಕೊಡುವ ಬಗೆಯನ್ನು ಮಾತ್ರ ಒಂದಿಷ್ಟು ತಿದ್ದಬಹುದಿತ್ತು. ಆ ಶೂ ಪ್ರಸಂಗದ ಮುಂದಿನ ವರ್ಷ ಪೋಷಕರ ಸಭೆಯಲ್ಲಿ ಒಂದು ಮಾತಿಗೆ ಬಂದೆವು. ಯಾರು ಏನೇ ಕೊಡಲಿ, ತಂಡದ ಹೆಸರಿಗೆ. ದುಡ್ಡು ಬಂದರೆ ಮೊದಲ ಖರ್ಚು ಬಸ್ಸಿನದು, ಮತ್ತೆ ಬಾಳೆಹಣ್ಣು, ನೀರು, ಮೊಣಕಾಲು ಪಟ್ಟಿ. ಹೆಣ್ಣುಮಕ್ಕಳಿಗೆ ಬೇಕಾದ ಪ್ಯಾಡು ಆ ಪಟ್ಟಿಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಬಾಬತ್ತು, ಪಿಸುಗುಟ್ಟುವುದಲ್ಲ. ಇದೊಂದು ಸಾಲಿನಿಂದ ಅಭ್ಯಾಸಕ್ಕೆ ಚಕ್ಕರ್ ಹೊಡೆಯುವುದು ಎಷ್ಟು ಕಡಿಮೆಯಾಯಿತೆಂದರೆ, ಬೇರೆ ಶಾಲೆಯ ಪಿ.ಟಿ. ಮೇಷ್ಟ್ರುಗಳೂ ಬಂದು ವಿಚಾರಿಸಿದರು.

ಇನ್ನೊಂದು, ನೋವನ್ನು ಕೇಳುವವರು ನಾನಲ್ಲ. ಆಡಿಸುವ, ಬಿಡಿಸುವ ಅಧಿಕಾರ ನನ್ನ ಕೈಯಲ್ಲಿರುವಾಗ ನನಗೆ ಯಾವ ಹುಡುಗಿ ನಿಜ ಹೇಳಿಯಾಳು? ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದ ಅಕ್ಕ ಒಬ್ಬರು ಪಂದ್ಯಕ್ಕೆ ಮೊದಲು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಹುಡುಗಿಯರು ಒಬ್ಬೊಬ್ಬರಾಗಿ ಹೋಗಿ ಕಾಲು ತೋರಿಸಿ ಬರುತ್ತಾರೆ. ಅವರು ಬೇಡವೆಂದರೆ ಬೇಡ. ಮುಖ್ಯೋಪಾಧ್ಯಾಯರು ಹೇಳಿದರೂ ನಾನು ಇಳಿಸುವುದಿಲ್ಲ.

ಎದ್ದು ಕಾಣುವ ಫಲ ಏನು ಬಂತು ಎಂದರೆ, ಕಪ್ಪುಗಳ ಲೆಕ್ಕದಲ್ಲಿ ಹೆಚ್ಚೇನಿಲ್ಲ. ವಿಭಾಗ ಮಟ್ಟ ದಾಟುವುದು ನಮಗೆ ಈಗಲೂ ಕಷ್ಟವೇ. ಆದರೆ ಅಂಕಣಕ್ಕಿಳಿಯದ ಮೂವರು ಮೊದಲೆಲ್ಲ ಜಿಲ್ಲಾ ಪಂದ್ಯ ಮುಗಿದ ಕೂಡಲೇ ತಂಡ ಬಿಟ್ಟುಬಿಡುತ್ತಿದ್ದರು. ಈಗ ಉಳಿದುಕೊಳ್ಳುತ್ತಿದ್ದಾರೆ, ಮುಂದಿನ ವರ್ಷ ಅವರೇ ಇಳಿಯುತ್ತಾರೆ. ಶೂ ಹುಡುಗಿ ಪಿಯುಸಿಗೆ ಹೋದ ಮೇಲೆ ಖೋಖೋ ಬಿಟ್ಟಳು. ಅದರಲ್ಲಿ ದುರಂತವೇನೂ ಇಲ್ಲ, ಅವಳಿಗೆ ಅಕೌಂಟೆನ್ಸಿ ಇಷ್ಟವಾಯಿತು. ಭಾನುವಾರ ಬಿಡುವಿದ್ದರೆ ಬಂದು ಚಿಕ್ಕವರಿಗೆ ಕಂಬದ ತಿರುವು ಹೇಳಿಕೊಡುತ್ತಾಳೆ.

ಕಳೆದ ಬಾರಿ ಜೆರ್ಸಿಯ ವಿಷಯದಲ್ಲಿ ಜಗಳವಾಯಿತು. ಹಿತೈಷಿಯೊಬ್ಬರು ಹನ್ನೆರಡು ಜೆರ್ಸಿ ಕೊಡಲು ಮುಂದೆ ಬಂದರು, ಬೆನ್ನ ಮೇಲೆ ಅವರ ಭಾವಚಿತ್ರ ಇರಬೇಕಂತೆ. ಅರ್ಧ ಪೋಷಕರು "ಇರ್ಲಿ ಬಿಡಿ ಮೇಡಂ, ಬಟ್ಟೆ ಸಿಗುತ್ತಲ್ಲ" ಎಂದರೆ, ಉಳಿದರ್ಧ ಒಪ್ಪಲಿಲ್ಲ. ಕೊನೆಗೆ ಒಬ್ಬ ಹುಡುಗಿಯ ತಾಯಿ, ಮನೆಯಲ್ಲೇ ಹೊಲಿಗೆ ಮಾಡುವವರು, ಬಟ್ಟೆ ತಂದುಕೊಟ್ಟರೆ ತಾನೇ ಹೊಲಿದು ಕೊಡುತ್ತೇನೆಂದು ಮಾತು ಮುಗಿಸಿದರು. ಬೆನ್ನ ಮೇಲೆ ನಂಬರ್ ಮಾತ್ರ. ಕಬಡ್ಡಿ ಹುಡುಗರ ಅಪ್ಪಂದಿರು ಮಾತ್ರ ಇದ್ಯಾವುದಕ್ಕೂ ಇನ್ನೂ ಬಗ್ಗಿಲ್ಲ. ಅವರಿಗೆ ಫ್ಲೆಕ್ಸ್ ಬೇಕೇ ಬೇಕು, ಅದೂ ತಾಲ್ಲೂಕು ಪಂದ್ಯಕ್ಕಿಂತ ಮೊದಲು. ಶನಿವಾರ ಅವರ ಜೊತೆ ಸಭೆ ಇದೆ; ನರ್ಸ್ ಅಕ್ಕನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಯಾಕೆಂದರೆ ಅವರಲ್ಲಿ ಅರ್ಧ ಜನಕ್ಕೆ ಚಿಕ್ಕಂದಿನಲ್ಲಿ ಸೂಜಿ ಚುಚ್ಚಿದ್ದು ಇವರೇ.