ಜಮೀನಿನ ಸರ್ಕಾರೀ ಸ್ವಾಧೀನವೂ ಹಿಡುವಳಿದಾರರ ಕಾಗದಪತ್ರಗಳೂ

ರಸ್ತೆ, ನಾಲೆ, ರೈಲುದಾರಿ ಮುಂತಾದ ಸಾರ್ವಜನಿಕ ಕಾರ್ಯಗಳಿಗಾಗಿ ಒಬ್ಬರ ಸ್ವಂತ ಜಮೀನನ್ನು, ಅವರು ಒಪ್ಪಲಿ ಒಪ್ಪದಿರಲಿ, ಪರಿಹಾರ ಕೊಟ್ಟು ತೆಗೆದುಕೊಳ್ಳತಕ್ಕ ಅಧಿಕಾರವು ಸರ್ಕಾರಕ್ಕೆ ಬಹುಕಾಲದಿಂದಲೂ ಇದೆ. ಕನ್ನಂಬಾಡಿಯು ತನ್ನ ಹೆಸರನ್ನು ಅಣೆಕಟ್ಟೆಗೆ ಕೊಟ್ಟು ತಾನು ಅದರ ನೀರಿನಲ್ಲಿ ಮುಳುಗಿದುದನ್ನು ಮೈಸೂರು ಸೀಮೆಯವರೆಲ್ಲರೂ ಬಲ್ಲರು. ಈ ವಿಷಯದಲ್ಲಿ 1894ನೆಯ ಇಸವಿಯ ಕಾಯಿದೆಯನ್ನು ರದ್ದುಪಡಿಸಿ, 2013ರಲ್ಲಿ ಆದ ಹೊಸ ಕಾಯಿದೆಯು 2014ನೆಯ ಜನವರಿ 1ನೆಯ ತಾರೀಖಿನಿಂದ ಜಾರಿಯಲ್ಲಿರುತ್ತದೆ. ಇದು ಹಿಂದಿನದಕ್ಕಿಂತ ಹಿಡುವಳಿದಾರರಿಗೆ ಬಹಳ ಅನುಕೂಲವಾದುದೇ ಸರಿ. ಆದರೆ ಆ ಅನುಕೂಲವು ಕೈಗೆ ಬರುವುದು ಕಾಗದಪತ್ರಗಳು ನೆಟ್ಟಗಿರುವವರಿಗೆ ಮಾತ್ರ. ಅಳತೆಯವರು ಹೊಲಕ್ಕೆ ಬಂದಾಗ ಪರಿಹಾರದ ಮಾತು ಪ್ರಾರಂಭವಾಗುವುದೆಂದು ಜನರು ತಿಳಿಯುತ್ತಾರೆ. ವಾಸ್ತವವಾಗಿ ಅದರ ಬಹುಭಾಗವು ಎರಡು ಮೂರು ವರ್ಷಗಳ ಮುಂಚೆಯೇ ಊರಿನವರ ಕೈಯಿಂದಲೇ ನಿಶ್ಚಯವಾಗಿ ಹೋಗಿರುತ್ತದೆ.

ಅದು ಹೇಗೆಂದರೆ, ಜಮೀನಿನ ಬೆಲೆಯನ್ನು ಗೊತ್ತುಮಾಡುವಾಗ ಜಿಲ್ಲಾಧಿಕಾರಿಗಳು ಎರಡು ಬೆಲೆಗಳನ್ನು ಹೋಲಿಸಿ ನೋಡತಕ್ಕದ್ದು. ಮೊದಲನೆಯದು ಮುದ್ರಾಂಕದ ಸಲುವಾಗಿ ಸರ್ಕಾರವು ನಿಗದಿಮಾಡಿರುವ ಬೆಲೆ. ಎರಡನೆಯದು ಸುತ್ತಮುತ್ತಲ ಅದೇ ತರದ ಜಮೀನುಗಳ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ, ಹೆಚ್ಚು ಬೆಲೆಯುಳ್ಳ ಅರ್ಧದಷ್ಟನ್ನು ಆರಿಸಿಕೊಂಡು ತೆಗೆದ ಸರಾಸರಿ. ಖಾಸಗಿ ಕಂಪೆನಿಗಳಿಗಾಗಿ ಅಥವಾ ಸರ್ಕಾರ ಮತ್ತು ಖಾಸಗಿಯವರು ಕೂಡಿ ನಡೆಸುವ ಕಾರ್ಯಗಳಿಗಾಗಿ ಒಪ್ಪಿಗೆಯ ಮೊಬಲಗು ಗೊತ್ತಾಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇವುಗಳಲ್ಲಿ ಯಾವುದು ಹೆಚ್ಚೋ ಅದೇ ಊರ್ಜಿತ. ಗ್ರಾಮಾಂತರದಲ್ಲಿ ಆ ಬೆಲೆಯನ್ನು ಸರ್ಕಾರವು ನಿಗದಿಮಾಡಿದಂತೆ ಒಂದರಿಂದ ಎರಡರವರೆಗಿನ ಅಂಕದಿಂದ ಗುಣಿಸಿ, ಮರ, ಬಾವಿ, ಕಟ್ಟಡಗಳ ಬೆಲೆಯನ್ನು ಕೂಡಿಸಿ, ಬಂದ ಮೊತ್ತಕ್ಕೆ ಅಷ್ಟೇ ಹಣವನ್ನು ಸಾಂತ್ವನಧನವೆಂದು ಸೇರಿಸತಕ್ಕದ್ದು. ಹಳೆಯ ಕಾಯಿದೆಯಲ್ಲಿ ಈ ಸಾಂತ್ವನಧನವು 1984ರ ತಿದ್ದುಪಡಿಯ ತರುವಾಯವೂ ಬೆಲೆಯ ಮೇಲೆ ಶೇಕಡ 30 ಮಾತ್ರವೇ ಇದ್ದಿತು.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಒಂದು ಊರಿನಲ್ಲಿ ಎಂಟು ಕ್ರಯಗಳಾಗಿ, ಹೆಚ್ಚಿನ ನಾಲ್ಕರಲ್ಲಿ ಎಕರೆಗೆ 12, 14, 15, 19 ಲಕ್ಷ ರೂಪಾಯಿಗಳೆಂದು ಬರೆದಿದೆ ಎನ್ನೋಣ. ಸರಾಸರಿ 15 ಲಕ್ಷ. ಗುಣಕವು ಒಂದೂವರೆಯಾದರೆ 22½ ಲಕ್ಷ. ಮರ, ಬಾವಿಗಳಿಗೆ 1½ ಲಕ್ಷ ಸೇರಿದರೆ 24 ಲಕ್ಷ. ಸಾಂತ್ವನಧನದೊಡನೆ 48 ಲಕ್ಷ. ಅದೇ ಕ್ರಯಗಳಲ್ಲಿ ಮುದ್ರಾಂಕದ ಖರ್ಚನ್ನು ಉಳಿಸಲೆಂದು ಅರ್ಧ ಬೆಲೆಯನ್ನು ಮಾತ್ರ ಕಾಣಿಸಿದ್ದರೆ, ಎಕರೆಗೆ ಸಿಕ್ಕುವುದು 25½ ಲಕ್ಷ. ಸರ್ಕಾರದ ನಿಗದಿಬೆಲೆಯು ಹೆಚ್ಚಾಗಿದ್ದಲ್ಲಿ ನಷ್ಟವು ಅಷ್ಟರಮಟ್ಟಿಗೆ ತಗ್ಗೀತು. ಆದರೂ ಒಬ್ಬನು ಉಳಿಸಿದ ಚಿಲ್ಲರೆಗೆ ಊರೇ ದಂಡ ತೆರಬೇಕಾಗುವುದು. ಕ್ರಯಪತ್ರಕ್ಕೆ ಸಾಕ್ಷಿ ಹಾಕುವ ಗ್ರಾಮಪ್ರಮುಖರು ಇದನ್ನು ಬರೆಯುವ ಹೊತ್ತಿನಲ್ಲಿಯೇ ಹೇಳಿದರೆ ಮೇಲು.

ಎರಡನೆಯದು ಖಾತೆಯ ವಿಷಯ. ತಾತನ ಹೆಸರಿನಲ್ಲಿಯೇ ಪಹಣಿ ನಿಂತಿರುವ, ಅಣ್ಣತಮ್ಮಂದಿರು ಬಾಯಿಮಾತಿನಿಂದ ಹಂಚಿಕೊಂಡು ಉಳುತ್ತಿರುವ ಜಮೀನುಗಳು ಎಲ್ಲ ಗ್ರಾಮಗಳಲ್ಲಿಯೂ ಇವೆ. ಹಕ್ಕಿನ ಬಗ್ಗೆ ಅಥವಾ ಪಾಲಿನ ಬಗ್ಗೆ ತಕರಾರೆದ್ದರೆ ಹಣವು ಯಾರ ಕೈಗೂ ಬಾರದೆ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ. ಭೂಮಿ ಹೋಗಿರುತ್ತದೆ, ಹಣವೂ ಬಂದಿರುವುದಿಲ್ಲ. ಆದುದರಿಂದ ಪೌತಿಖಾತೆ, ವಿಭಾಗಪತ್ರ, ಪೋಡಿ ಇವುಗಳನ್ನು ಈಗಲೇ ಮಾಡಿಸಿಕೊಳ್ಳತಕ್ಕದ್ದು. ಪ್ರಾಥಮಿಕ ಅಧಿಸೂಚನೆಯು ಪ್ರಕಟವಾದ ತರುವಾಯ ಜಿಲ್ಲಾಧಿಕಾರಿಗಳ ವಿಶೇಷ ಅಪ್ಪಣೆಯಿಲ್ಲದೆ ಆ ಜಮೀನನ್ನು ಮಾರುವುದಾಗಲಿ ಆಧಾರ ಮಾಡುವುದಾಗಲಿ ಕೂಡದು.

ಮರಗಿಡಗಳ ಬೆಲೆ ಕಟ್ಟುವುದಕ್ಕೆ ವ್ಯವಸಾಯ, ತೋಟಗಾರಿಕೆ, ಅರಣ್ಯ, ರೇಷ್ಮೆ ಇವುಗಳಲ್ಲಿ ಅನುಭವವುಳ್ಳವರ ಸಹಾಯವನ್ನು ಜಿಲ್ಲಾಧಿಕಾರಿಗಳು ಪಡೆಯಬಹುದೆಂದು ಕಾಯಿದೆಯೇ ಹೇಳುತ್ತದೆ. ನಮ್ಮಂಥವರಿಗೆ ಕೆಲಸ ಬೀಳುವುದು ಇಲ್ಲಿಯೇ. ಮಹಜರಿನಲ್ಲಿ "ಕೆಲವು ತೆಂಗಿನ ಮರಗಳು" ಎಂದು ಬರೆದಿದ್ದರೆ ಯಾರೂ ನ್ಯಾಯವಾದ ಬೆಲೆ ಕಟ್ಟಲಾರರು. ಫಲಕ್ಕೆ ಬಂದ ಮರವೆಷ್ಟು, ಸಸಿಯೆಷ್ಟು, ಪ್ರತಿಯೊಂದರ ವಯಸ್ಸೆಷ್ಟು, ವರ್ಷಕ್ಕೆ ಬರುವ ಕಾಯಿ ಎಷ್ಟು, ಬಾವಿಯ ಆಳವೆಷ್ಟು, ಕಲ್ಲುಕಟ್ಟಡವೋ ಅಲ್ಲವೋ, ಪಂಪು, ಕೊಳವೆಗಳು ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಬರೆಯಿಸಬೇಕು. ಜಂಟಿ ಅಳತೆಯ ದಿವಸ ಯಜಮಾನನು ಸ್ವತಃ ಹಾಜರಿದ್ದು, ತನ್ನದೇ ಆದ ಪಟ್ಟಿಯನ್ನೂ ಭಾವಚಿತ್ರಗಳನ್ನೂ ಇಟ್ಟುಕೊಂಡಿದ್ದು, ಓದಿಸಿ ಕೇಳಿದಲ್ಲದೆ ರುಜು ಹಾಕಬಾರದು. ಪಹಣಿಯಲ್ಲಿ ಅಡಕೆತೋಟವು ಇನ್ನೂ ಖುಷ್ಕಿಯೆಂದೇ ಇದ್ದರೆ ಮೊದಲು ಬೆಳೆಯ ಕಲಮನ್ನು ತಿದ್ದಿಸಿರಬೇಕು. ಒಂದು ಜಮೀನಿನ ನಡುಭಾಗ ಮಾತ್ರ ಹೋಗಿ, ಉಳಿದದ್ದು ನೀರಿನ ದಾರಿಯನ್ನು ಕಳೆದುಕೊಂಡರೆ ಆ ನಷ್ಟಕ್ಕೂ ಪರಿಹಾರ ಕೇಳುವ ಹಕ್ಕಿದೆ. ಇದನ್ನು ಕೇಳುವವರೇ ಅಪರೂಪ.

ಸ್ವಾಧೀನವೇ ಸರಿಯಲ್ಲವೆನ್ನುವವರು ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿವಸಗಳೊಳಗೆ ಲಿಖಿತವಾಗಿ ಆಕ್ಷೇಪಣೆಯನ್ನು ಕೊಟ್ಟು, ಖುದ್ದಾಗಿ ವಿಚಾರಣೆಯನ್ನು ಕೇಳಬಹುದು. ನೀರಾವರಿಯಿಂದ ಹಲವು ಬೆಳೆ ತೆಗೆಯುವ ಜಮೀನನ್ನು ಕೊನೆಯ ಉಪಾಯವೆಂದಲ್ಲದೆ ತೆಗೆದುಕೊಳ್ಳಬಾರದೆಂಬ ನಿಬಂಧನೆಯನ್ನು ಅಂತಹ ಅರ್ಜಿಯಲ್ಲಿ ಎತ್ತಿ ಹೇಳತಕ್ಕದ್ದು. ರೈಲುದಾರಿ, ಹೆದ್ದಾರಿ, ನಾಲೆ, ವಿದ್ಯುತ್ ತಂತಿ ಮುಂತಾಗಿ ಉದ್ದಕ್ಕೆ ಹೋಗುವ ಕಾರ್ಯಗಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಎಲ್ಲ ಸ್ವಾಧೀನಗಳೂ ಈ ಒಂದೇ ಕಾಯಿದೆಯಂತೆ ನಡೆಯುವುದಿಲ್ಲ. ರಾಷ್ಟ್ರೀಯ ಹೆದ್ದಾರಿಗಾದರೆ 1956ರ ಕಾಯಿದೆಯಂತೆ 21 ದಿವಸಗಳು ಮಾತ್ರ ವಾಯಿದೆ. ಕೈಗಾರಿಕಾ ಪ್ರದೇಶಗಳಿಗೆ 1966ರ ಕರ್ನಾಟಕದ ಕಾಯಿದೆಯ ಬೇರೆ ಕ್ರಮವಿದೆ. ನೋಟೀಸು ಬಂದೊಡನೆ ಅದು ಯಾವ ಕಾಯಿದೆಯದೆಂದು ಮೊದಲ ಸಾಲಿನಲ್ಲಿಯೇ ನೋಡಿಕೊಳ್ಳಬೇಕು. ಮೂರು ವರ್ಷಗಳಿಂದ ಆ ಭೂಮಿಯನ್ನೇ ನಂಬಿ ಬದುಕುತ್ತಿರುವ ವಾರದಾರರೂ ಕೂಲಿಯವರೂ 2013ರ ಕಾಯಿದೆಯ ಪ್ರಕಾರ ಬಾಧಿತ ಕುಟುಂಬದವರೇ ಆಗಿರುವುದರಿಂದ, ಅವರ ಹೆಸರುಗಳು ಪಟ್ಟಿಯಲ್ಲಿ ಬಂದಿವೆಯೇ ಎಂದು ಗ್ರಾಮಪ್ರಮುಖರು ವಿಚಾರಿಸತಕ್ಕದ್ದು.

ಕಡೆಗೆ ಹಣ ಪಡೆಯುವ ದಿವಸದ ಮಾತು. ಐತೀರ್ಪಿನ ಮೊಬಲಗು ಕಡಮೆಯೆಂದು ತೋರಿದರೆ ಹಣವನ್ನು ಬಿಟ್ಟುಬರಬೇಕಾದುದಿಲ್ಲ. ರಸೀತಿಯಲ್ಲಿ "ಆಕ್ಷೇಪಣೆಗೊಳಪಟ್ಟು ಪಡೆದಿದ್ದೇನೆ" ಎಂದು ಬರೆದು ಪಡೆಯಬಹುದು. ಹೀಗೆ ಬರೆಯದೆ ಪಡೆದವನಿಗೆ ಹೆಚ್ಚು ಪರಿಹಾರಕ್ಕಾಗಿ ಅರ್ಜಿ ಕೊಡುವ ಹಕ್ಕೇ ಹೋಗುತ್ತದೆ. ಐತೀರ್ಪಿನ ಕಾಲದಲ್ಲಿ ಹಾಜರಿದ್ದವರು ಅದರ ತಾರೀಖಿನಿಂದ ಆರು ವಾರಗಳೊಳಗೆ, ವಿಷಯವನ್ನು ಪ್ರಾಧಿಕಾರಕ್ಕೆ ಒಪ್ಪಿಸಬೇಕೆಂದು ಜಿಲ್ಲಾಧಿಕಾರಿಗಳಿಗೆ ಅರ್ಜಿಯನ್ನು ಕೊಟ್ಟು, ಅದು ತಲುಪಿದ್ದಕ್ಕೆ ಮೊಹರಿನ ಸಹಿತ ಸ್ವೀಕೃತಿಯನ್ನು ಪಡೆದು ಐತೀರ್ಪಿನ ನಕಲಿನೊಡನೆ ಇಟ್ಟುಕೊಳ್ಳತಕ್ಕದ್ದು.