ಹಂತಹಂತದ ಸೈಕಲ್ ಪಂದ್ಯ

ಹಲವು ದಿನ ನಡೆಯುವ ಪಂದ್ಯವೊಂದರಲ್ಲಿ ಒಂದು ದಿನವೂ ಮೊದಲಿಗನಾಗಿ ಗುರಿ ಮುಟ್ಟದವನು ಕಡೆಗೆ ವಿಜಯಿಯಾಗಬಲ್ಲನೆ? ಓಟದ ಪಂದ್ಯಗಳನ್ನಷ್ಟೇ ಕಂಡವರಿಗೆ ಇದು ಒಗಟಿನಂತೆ ತೋರಬಹುದು. ಆದರೆ ‘ಟೂರ್ ಡಿ ಫ್ರಾನ್ಸ್’ ಎಂಬ ಪ್ರಖ್ಯಾತ ಸೈಕಲ್ ಪಂದ್ಯವನ್ನು 1990ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್, 2019ರಲ್ಲಿ ಕೊಲಂಬಿಯದ ಈಗನ್ ಬೆರ್ನಾಲ್ ಹೀಗೆಯೇ ಗೆದ್ದರು. ಇದರ ಮರ್ಮವನ್ನರಿಯಲು ಕೊಂಚ ಗಣಿತವೂ ಕೊಂಚ ಭೌತವಿಜ್ಞಾನವೂ ಸಾಕು.

1903ರಲ್ಲಿ 6 ಹಂತಗಳೊಡನೆ ಆರಂಭವಾದ ಈ ಪಂದ್ಯದಲ್ಲಿ ಇಂದು 21 ಹಂತಗಳಿವೆ. ಮುಗಿಯಲು ಮೂರು ವಾರ ಬೇಕು. ದಿನಕ್ಕೊಂದು ಹಂತ. ಪ್ರತಿಯೊಂದು ಹಂತಕ್ಕೂ ಸವಾರನು ತೆಗೆದುಕೊಂಡ ಕಾಲವನ್ನು ಕೂಡಿಸುತ್ತ ಹೋಗುತ್ತಾರೆ. ಒಟ್ಟು ಕಾಲ ಯಾರದು ಅತ್ಯಲ್ಪವೋ ಅವನೇ ವಿಜಯಿ. ನಮ್ಮ ಕಡೆಯಲ್ಲಿಯೂ ಹಂತಹಂತವಾಗಿ ಸಾಗುವ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆ 2008ರಲ್ಲಿ ಆರಂಭವಾಯಿತು. ಅದು ವೃತ್ತಿಪರರ ಪಂದ್ಯವಲ್ಲ; ಆದರೂ 36 ಕಡಿದಾದ ತಿರುವುಗಳುಳ್ಳ ಕಲ್ಹಟ್ಟಿಯ ಏರು ಅದರ ಸವಾರರಿಗೆ ಚಿರಪರಿಚಿತ.

ಈಗ ನಾವೇ ಒಂದು ಪಂದ್ಯವನ್ನು ಏರ್ಪಡಿಸೋಣ. ಮೊದಲ ಎರಡು ಹಂತಗಳು ಕೊಳ್ಳೇಗಾಲ, ಯಳಂದೂರುಗಳ ಬಯಲು ರಸ್ತೆಗಳಲ್ಲಿ. ಮೂರನೆಯದು ಯಳಂದೂರಿನಿಂದ ಗುಂಬಳ್ಳಿಯ ಮಾರ್ಗವಾಗಿ ಬಿಳಿಗಿರಿರಂಗನ ಬೆಟ್ಟಕ್ಕೆ. ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದುದರಿಂದ ಈ ಪಂದ್ಯ ಕಾಗದದ ಮೇಲೆಯೇ ನಡೆಯಲಿ!

ಬಯಲಿನಲ್ಲಿ ಸವಾರನ ಮುಖ್ಯ ವೈರಿ ಗಾಳಿ. ವಾಯುವಿನ ತಡೆಯು ವೇಗದ ವರ್ಗಕ್ಕನುಸಾರವಾಗಿಯೂ, ಅದನ್ನು ಮೀರಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕನುಸಾರವಾಗಿಯೂ ಹೆಚ್ಚುತ್ತವೆ. ವೇಗವು ಗಂಟೆಗೆ 20 ಕಿ.ಮೀ.ನಿಂದ 40 ಕಿ.ಮೀ.ಗೆ ಏರಿದರೆ, ಗಾಳಿಗಾಗಿ ಎಂಟು ಪಾಲು ಸಾಮರ್ಥ್ಯ ಬೇಕು. ಮುಂದಿನವನ ಬೆನ್ನಿಗೆ ಅಂಟಿಕೊಂಡಂತೆ ಸಾಗುವವನಿಗೆ ಈ ತಡೆ ಬಹಳಷ್ಟು ಕಡಿಮೆಯಾಗುತ್ತದೆ. ಆದುದರಿಂದಲೇ ಬಯಲಿನಲ್ಲಿ ಸವಾರರು ಗುಂಪು ಬಿಟ್ಟು ಅಗಲುವುದಿಲ್ಲ. ಒಂದೇ ಗುಂಪಿನಲ್ಲಿ ಗುರಿ ಮುಟ್ಟಿದವರಿಗೆಲ್ಲ ಒಂದೇ ಕಾಲವನ್ನು ದಾಖಲಿಸುವುದು ನಿಯಮ. ನಮ್ಮ ಸವಾರ ‘ಕ’ ಎರಡು ಹಂತಗಳನ್ನೂ ಗೆದ್ದನೆನ್ನೋಣ. ‘ಚ’ ಅದೇ ಗುಂಪಿನಲ್ಲಿದ್ದನು. ಕಾಲದಲ್ಲಿ ಅಂತರವಿಲ್ಲ, ಆದರೆ ಮೊದಲಿಗನಿಗೆ ಒಟ್ಟು ಕಾಲದಲ್ಲಿ 10 ಸೆಕೆಂಡುಗಳ ರಿಯಾಯಿತಿ ಉಂಟು. ಹೀಗೆ ‘ಕ’ನ ಲಾಭ 20 ಸೆಕೆಂಡು. ‘ಟ’ ಎಂಬವನು ಟೈರು ಪಂಕ್ಚರಾಗಿ 5 ನಿಮಿಷ ಹಿಂದೆ ಬಿದ್ದನು.

ಬೆಟ್ಟದಲ್ಲಿ ಲೆಕ್ಕವೇ ಬೇರೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಗಾಳಿಗೆ ತೆರಬೇಕಾದ ಸಾಮರ್ಥ್ಯ, 40 ಕಿ.ಮೀ. ವೇಗದಲ್ಲಿ ಬೇಕಾದುದರ 19ರಲ್ಲಿ ಒಂದು ಪಾಲು ಮಾತ್ರ. ಗುಂಪಿನ ಮರೆ ಅಲ್ಲಿ ನಿಷ್ಪ್ರಯೋಜಕ, ಎದುರಿಸಬೇಕಾದುದು ಗುರುತ್ವವನ್ನು. ಏರಬೇಕಾದ ಎತ್ತರ 300 ಮೀಟರು, ಸೈಕಲ್ ಸೇರಿ ‘ಕ’ನ ದ್ರವ್ಯರಾಶಿ 75 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಮಾಡಬೇಕಾದ ಕೆಲಸ 75 × 9.8 × 300 = 2,20,500 ಜೂಲ್. ಏರುವುದಕ್ಕೆ 250 ವಾಟ್ ವಿನಿಯೋಗಿಸಿದರೆ 882 ಸೆಕೆಂಡು ಹಿಡಿಯುತ್ತದೆ. ಸೈಕಲ್ ಸೇರಿ 65 ಕಿಲೋಗ್ರಾಂ ಇರುವ ‘ಚ’ನಿಗೆ ಅಷ್ಟೇ ಸಾಮರ್ಥ್ಯದಲ್ಲಿ ಸುಮಾರು 764 ಸೆಕೆಂಡು ಸಾಕು. ಅಂತರ 118 ಸೆಕೆಂಡು!

ಅಂದು ‘ಟ’ನೇ ಮೊದಲಿಗನಾದನು, ‘ಚ’ ಎರಡನೆಯವನಾಗಿ 6 ಸೆಕೆಂಡುಗಳ ರಿಯಾಯಿತಿ ಪಡೆದನು. ‘ಟ’ನಾದರೋ ಐದು ನಿಮಿಷಗಳ ನಷ್ಟವನ್ನು ತುಂಬಿಕೊಳ್ಳಲಾರದೆ ಹೋದನು. ಈಗ ಕೂಡಿ ಕಳೆಯೋಣ: 118 + 6 − 20 = 104. ಒಂದು ಹಂತವನ್ನೂ ಗೆಲ್ಲದ ‘ಚ’, ಎರಡನ್ನು ಗೆದ್ದ ‘ಕ’ನಿಗಿಂತ 104 ಸೆಕೆಂಡು ಮುಂದೆ. ಒಗಟು ಬಿಡಿಸಿದಂತಾಯಿತು.

ಸೆಕೆಂಡುಗಳನ್ನು ಹೀಗೆ ಎಣಿಸುವುದು ಅತಿಯೆನಿಸಿದರೆ 1989ರ ಟೂರ್ ಡಿ ಫ್ರಾನ್ಸನ್ನು ನೆನೆಯಬೇಕು. ಒಬ್ಬೊಬ್ಬರಾಗಿ ಸಾಗಬೇಕಾಗಿದ್ದ ಕಡೆಯ 24.5 ಕಿ.ಮೀ. ಹಂತದ ಮುನ್ನ, ಲೆಮಾಂಡ್ ಫ್ರಾನ್ಸಿನ ಲೊರಾಂ ಫಿನ್ಯೋನಿಗಿಂತ 50 ಸೆಕೆಂಡು ಹಿಂದಿದ್ದನು. ಮರೆಯಾಗಲು ಗುಂಪಿಲ್ಲದ ಅಂತಹ ಹಂತದಲ್ಲಿ ದೇಹದ ಭಂಗಿಯೇ ಗಾಳಿಗೆ ಉತ್ತರ. ಲೆಮಾಂಡ್ ಮುಂಚಾಚಿದ ಹಿಡಿಗಳ ಮೇಲೆ ಮೈ ಬಾಗಿಸಿ, ಗಾಳಿಯನ್ನು ಸೀಳುವ ಆಕಾರದ ಶಿರಸ್ತ್ರಾಣ ಧರಿಸಿ ಸಾಗಿದನು. ಫಿನ್ಯೋನ್ ಬರಿದಲೆಯಲ್ಲಿ ಸಾಗಿದನು. 3,000 ಕಿ.ಮೀ.ಗೂ ಮಿಗಿಲಾದ ಪಂದ್ಯ ಕೇವಲ 8 ಸೆಕೆಂಡುಗಳಲ್ಲಿ ಲೆಮಾಂಡನ ಪಾಲಾಯಿತು.

ಇಂತಹ ಪಂದ್ಯವನ್ನು ಅನುಸರಿಸುವ ವಿದ್ಯಾರ್ಥಿಗಳು ದಿನದ ವಿಜೇತನ ಹೆಸರನ್ನಷ್ಟೇ ನೋಡಿ ತೃಪ್ತರಾಗಬಾರದು. ಆ ದಿನದ ಏರಿಳಿತ, ಗಾಳಿಯ ದಿಕ್ಕು, ಒಟ್ಟು ಕಾಲದ ಪಟ್ಟಿ ಈ ಮೂರನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ನಾಳೆ ಗುಂಪು ಎಲ್ಲಿ ಒಡೆಯುವುದೆಂಬುದನ್ನು ನಾವೇ ಊಹಿಸಬಹುದು.